ಜಾವಾದ ನಾಲ್ಕು ದೊಡ್ಡಕ್ಷರ

ಹನ್ನೆರಡು ವರ್ಷದಿಂದ ಒಂದೇ ತಪ್ಪನ್ನು ತಿದ್ದುತ್ತಾ ಬಂದಿದ್ದೇನೆ.

ಮೈಸೂರಿನ ಒಂದು ಸಂಜೆ ಕಾಲೇಜಿನಲ್ಲಿ ಬಿಸಿಎ ತರಗತಿಗಳಿಗೆ ಪಾಠ ಹೇಳುವ ಅತಿಥಿ ಉಪನ್ಯಾಸಕಿ ನಾನು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಅವೇ ಅಂಕಪಟ್ಟಿಗಳ ಜೆರಾಕ್ಸ್ ಮತ್ತೆ ಲಗತ್ತಿಸಿ, ಅದೇ ಕುರ್ಚಿಗೆ ಮತ್ತೆ ಬಂದು ಕೂರುವ ಕೆಲಸ. ನಮ್ಮಲ್ಲಿಗೆ ಬರುವವರೆಲ್ಲ ಹಗಲು ದುಡಿಯುವವರು. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವವರು, ಕೊರಿಯರ್ ಹಂಚುವವರು, ಇಲ್ಲಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಬಸ್ ಹಿಡಿದು ಬರುವವರು. ಐದೂವರೆಗೆ ಮೊದಲ ಪಿರಿಯಡ್. ಅಷ್ಟು ಹೊತ್ತಿಗೆ ಅವರ ಕಣ್ಣು ಎಳೆಯುತ್ತಿರುತ್ತದೆ, ನನ್ನ ಗಂಟಲು ಕಟ್ಟಿರುತ್ತದೆ. ಬೆಳಗ್ಗೆ ಇನ್ನೊಂದು ಕಾಲೇಜಿನಲ್ಲಿ ನಾಲ್ಕು ಪಿರಿಯಡ್ ಮಾಡಿ ಬಂದಿರುತ್ತೇನಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಮಾಡಿ, ಅದರ ವರದಿಯನ್ನು ಟೈಪ್ ಮಾಡಿಸಿ, ರಟ್ಟು ಕಟ್ಟಿಸಿ, ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತಿಸಿ ತರಬೇಕು. ಗೈಡ್ ಆಗಿ ನನ್ನ ಸಹಿ ಬೀಳದೆ ವೈವಾ, ಅಂದರೆ ಮೌಖಿಕ ಪರೀಕ್ಷೆ, ಇಲ್ಲ. ವೈವಾ ಇಲ್ಲದೆ ಡಿಗ್ರಿ ಇಲ್ಲ. ಆ ವರದಿಗಳಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಬಂದಲ್ಲೆಲ್ಲ ಇಂಗ್ಲಿಷಿನ ನಾಲ್ಕೂ ಅಕ್ಷರ ದೊಡ್ಡವು, ಕ್ಯಾಪಿಟಲ್. ಪೈಥಾನ್ ಎಂದಿದ್ದರೆ ಆರೂ ದೊಡ್ಡವು. ಮೊದಲಕ್ಷರ ಮಾತ್ರ ದೊಡ್ಡದಿರಬೇಕು, ಉಳಿದವು ಚಿಕ್ಕವು. ನಾನು ಸುತ್ತು ಹಾಕುತ್ತೇನೆ, ಅವರು ತಿದ್ದಿ ತರುತ್ತಾರೆ. ಮುಂದಿನ ವರ್ಷ ಬೇರೆ ಮುಖಗಳು, ಅದೇ ನಾಲ್ಕು ದೊಡ್ಡಕ್ಷರ.

ಇದನ್ನು ಕನ್ನಡದಲ್ಲಿ ಬರೆದು ತೋರಿಸಲಿಕ್ಕೂ ಬರುವುದಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡ ಜ, ಚಿಕ್ಕ ಜ ಎಂದು ಎರಡಿಲ್ಲ. ಜಾವಾ ಎಂದು ಹೇಗೆ ಬರೆದರೂ ಅದು ಜಾವಾನೇ. ಇಂಗ್ಲಿಷಿಗೆ ಹೋದ ತಕ್ಷಣ ತಾಪತ್ರಯ ಶುರು. ಕೋಬಾಲ್ ಎನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಹೆಸರನ್ನು ಎಲ್ಲ ದೊಡ್ಡಕ್ಷರದಲ್ಲಿ ಬರೆಯಬೇಕು, ಯಾಕೆಂದರೆ ಅದು ಒಂದು ಉದ್ದ ಹೆಸರಿನ ಪದಗಳಿಂದ ಕಿತ್ತು ಕಟ್ಟಿದ ಹೆಸರು. ಎಸ್‌ಕ್ಯೂಎಲ್ ಕೂಡ ಹಾಗೆಯೇ, ಒಂದೊಂದಕ್ಷರಕ್ಕೂ ಹಿಂದೆ ಒಂದೊಂದು ಪದವಿದೆ. ಜಾವಾಕ್ಕೆ ಅಂಥದ್ದೇನೂ ಇಲ್ಲ. ಒಂದು ದ್ವೀಪದ ಹೆಸರು ಅಲ್ಲಿನ ಕಾಫಿಗೆ ಬಂತು, ಕಾಫಿಯಿಂದ ಈ ಭಾಷೆಗೆ ಬಂತು. ಬರೀ ಹೆಸರು. ಜಾವಾಸ್ಕ್ರಿಪ್ಟ್ ಎಂದರೆ ನಡುವೆ ಇನ್ನೊಂದು ಅಕ್ಷರ ದೊಡ್ಡದಾಗುತ್ತದೆ. ಫೋರ್ಟ್ರಾನ್ ಮೊದಲು ಪೂರ್ತಿ ದೊಡ್ಡಕ್ಷರದಲ್ಲಿತ್ತು, ಆ ಕಾಲದ ಯಂತ್ರಗಳಿಗೆ ಚಿಕ್ಕಕ್ಷರವೇ ಗೊತ್ತಿರಲಿಲ್ಲವಂತೆ. ಆಮೇಲೆ ಅದೂ ಎಲ್ಲರ ಹಾಗೆ ಮೊದಲಕ್ಷರ ಮಾತ್ರ ದೊಡ್ಡದು ಮಾಡಿಕೊಂಡಿತು. ಇದನ್ನೆಲ್ಲ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮುಂದಿನ ಬೆಂಚಿನವರು ಬರೆದುಕೊಳ್ಳುತ್ತಾರೆ. ಹಿಂದಿನವರು ಫೋಟೋ ತೆಗೆದುಕೊಳ್ಳುತ್ತಾರೆ.

ಯಾಕೆ ನಮ್ಮ ಮಕ್ಕಳು ಹೀಗೆ ಬರೆಯುತ್ತಾರೆ ಎಂಬುದು ನನಗೆ ಬೇರೆಯವರು ಹೇಳಬೇಕಾಗಿಲ್ಲ. ನಾನೂ ಹಾಗೇ ಬರೆಯುತ್ತಿದ್ದವಳು. ನಮ್ಮದು ಮೈಸೂರಿನ ಅಂಚಿನ ಕೆಸರೆ. ಅವ್ವ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು, ಅಪ್ಪ ಗೋಕುಲಂನ ದೊಡ್ಡ ಮನೆಗಳಲ್ಲಿ ತೋಟದ ಕೆಲಸ ಮಾಡುತ್ತಿದ್ದ. ನಮ್ಮ ಮನೆಗೆ ಇಂಗ್ಲಿಷ್ ಬಂದದ್ದು ಪುಸ್ತಕದಲ್ಲಲ್ಲ, ಅರ್ಜಿಗಳಲ್ಲಿ. ರೇಷನ್ ಕಾರ್ಡಿನ ಅರ್ಜಿ, ಜಾತಿ ಪ್ರಮಾಣಪತ್ರದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ. ಎಲ್ಲದರ ತಲೆಯ ಮೇಲೂ ಒಂದೇ ಆಜ್ಞೆ, ದೊಡ್ಡಕ್ಷರದಲ್ಲಿ ತುಂಬಿ ಎಂದು. ಒಂದೊಂದು ಚೌಕದಲ್ಲಿ ಒಂದೊಂದು ದೊಡ್ಡಕ್ಷರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಬಂದದ್ದು ಪೂರ್ತಿ ದೊಡ್ಡಕ್ಷರದಲ್ಲಿ. ಅಪ್ಪ ಅದನ್ನು ಓದಲಾರ, ಆದರೂ ಬೆರಳಿಟ್ಟು ಎಲ್ಲಿದೆ ಎಂದು ಕೇಳಿ ನೋಡಿದ್ದ. ಅಲ್ಲಿಂದ ನನ್ನ ತಲೆಯಲ್ಲಿ ಕೂತದ್ದು ಇದು: ದೊಡ್ಡಕ್ಷರ ಎಂದರೆ ಬಹುವಚನ. ದೊಡ್ಡವರನ್ನು ನೀವು ಎನ್ನುವ ಹಾಗೆ, ದೊಡ್ಡ ವಿಷಯವನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ಚಿಕ್ಕಕ್ಷರದಲ್ಲಿ ಬರೆದರೆ ಹೋಗೋ ಬಾರೋ ಅಂದ ಹಾಗೆ.

ಎಂಸಿಎ ಮುಗಿಸಿ ಮೊದಲ ಸಲ ಕೆಲಸ ಕೇಳಿಕೊಂಡು ಹೆಬ್ಬಾಳದ ಒಂದು ಕಂಪನಿಗೆ ಹೋದಾಗ ನನ್ನ ಬಯೋಡೇಟಾದಲ್ಲಿ ಕಲಿತ ಭಾಷೆಗಳೆಲ್ಲ ಹಾಗೇ ಇದ್ದವು, ಪೂರ್ತಿ ಮರ್ಯಾದೆ ಕೊಟ್ಟು. ಎದುರಿಗೆ ಕೂತವನು ನನ್ನ ವಯಸ್ಸಿನವನೇ. ಹಾಳೆ ನೋಡಿ ನಕ್ಕು, ಯಾಕೆ ಇಷ್ಟು ಜೋರಾಗಿ ಕೂಗುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗೆ ಅರ್ಥವಾಗಲಿಲ್ಲ. ನಾನು ದನಿ ತಗ್ಗಿಸಿ ಮಾತಾಡತೊಡಗಿದೆ. ಪಕ್ಕದಲ್ಲಿದ್ದವಳೂ ನಕ್ಕಳು. ಇಂಗ್ಲಿಷಿನಲ್ಲಿ ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಓದುವವರಿಗೆ ಕೂಗಿದ ಹಾಗೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ತಿಳಿದ ಮೇಲೆ ನನ್ನ ಕೈಕೆಳಗೆ ಓದಿದ ಯಾರೂ ಆ ನಾಲ್ಕು ದೊಡ್ಡಕ್ಷರ ಹೊತ್ತುಕೊಂಡು ಯಾರ ಮುಂದೆಯೂ ಹೋಗಬಾರದು ಎಂದು ನಿರ್ಧರಿಸಿದೆ. ಅಂದಿನಿಂದ ದೊಡ್ಡಕ್ಷರದ ಜಾವಾ ಇದ್ದ ಒಂದು ವರದಿಗೂ ನಾನು ಸಹಿ ಹಾಕಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಹಂಗಿಸುತ್ತಿದ್ದರು, "ನೀವು ಬಿಡಿ ಮೇಡಂ, ದೇವರನ್ನ ಬೇಕಾದ್ರೆ ಬಿಡ್ತೀರಿ, ಅಕ್ಷರಾನ ಬಿಡಲ್ಲ." ಅವರದು ತಲೆಮಾರುಗಳಿಂದ ಓದಿಕೊಂಡ ಮನೆ. ತಪ್ಪಾದರೂ ಅವರನ್ನು ನೋಡಿ ಯಾರೂ ನಗುವುದಿಲ್ಲ.

ಎರಡು ವರ್ಷದ ಹಿಂದಿನ ಬ್ಯಾಚಿನಲ್ಲಿ ಒಬ್ಬ ಹೆಂಗಸಿದ್ದಳು. ಮೂವತ್ತೆರಡು ಮೂವತ್ತಮೂರು ಇರಬಹುದು. ಹೆಬ್ಬಾಳದಲ್ಲಿ ಗಾಡಿಗಳಿಗೆ ಪ್ಲಾಸ್ಟಿಕ್ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಹನ್ನೊಂದು ವರ್ಷದ ಸರ್ವೀಸು. ಮದುವೆಗೆ ಮುಂಚೆ ಪಿಯುಸಿ ಮಾಡಿ ನಿಲ್ಲಿಸಿದ್ದವಳು, ಮಗಳು ಶಾಲೆಗೆ ಸೇರಿದ ಮೇಲೆ ತಾನೂ ಸೇರಿದಳು. ಮೊದಲ ಶಿಫ್ಟಿನ ವಾರ ಸರಿಯಾಗಿ ಬರುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಶುರುವಾಗುವ ಎರಡನೇ ಶಿಫ್ಟಿನ ವಾರ ಯಾರ ಜತೆಗಾದರೂ ಪಾಳಿ ಬದಲಾಯಿಸಿಕೊಂಡು ಬರಬೇಕು, ಇಲ್ಲದಿದ್ದರೆ ಹಾಜರಿ ಹೋಗುತ್ತದೆ. ಅವಳ ಮನೆಯಲ್ಲಿ ಡಿಗ್ರಿ ಎನ್ನುವುದನ್ನು ಯಾರೂ ಕಂಡಿರಲಿಲ್ಲ. ಕಾರ್ಖಾನೆಯಲ್ಲಿ ಡಿಗ್ರಿ ಇದ್ದರೆ ತಪಾಸಣೆಯ ಟೇಬಲ್ಲು ಬಿಟ್ಟು ಕ್ವಾಲಿಟಿ ಆಫೀಸಿನೊಳಕ್ಕೆ ಹೋಗಬಹುದು, ಅಲ್ಲಿ ಹಗಲು ಪಾಳಿ ಮಾತ್ರ, ಎಂದು ಒಮ್ಮೆ ಹೇಳಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಮಗಳು ಮಲಗುವ ಹೊತ್ತಿಗೆ ಮನೆಯಲ್ಲಿರುವುದು.

ಅವಳ ಪ್ರಾಜೆಕ್ಟೂ ಅದರ ಬಗ್ಗೆಯೇ. ಯಾರು ಯಾರ ಜತೆ ಶಿಫ್ಟ್ ಬದಲಾಯಿಸಿಕೊಳ್ಳಬಹುದು ಎಂದು ಹುಡುಕಿಕೊಡುವ ಜಾವಾ ಪ್ರೋಗ್ರಾಂ. ಉಳಿದವರು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ ತರುತ್ತಿದ್ದಾಗ ಇವಳೊಬ್ಬಳು ಸ್ವಂತದ್ದನ್ನು ತಂದಳು. ಕೋಡ್ ಒರಟಾಗಿತ್ತು, ಆದರೆ ಕೆಲಸ ಮಾಡುತ್ತಿತ್ತು. ಅರವತ್ತು ಪುಟದ ವರದಿ. ನಾನು ಓದಲು ತೆಗೆದುಕೊಂಡೆ. ಪುಟಪುಟಕ್ಕೂ ನಾಲ್ಕು ದೊಡ್ಡಕ್ಷರ.

ಆ ವಾರ ನನ್ನ ಮುಂದೆ ಮೂವತ್ತೆಂಟು ವರದಿಗಳ ರಾಶಿ ಇತ್ತು. ಕೆಂಪು ಪೆನ್ನು ಹಿಡಿದು ಸುತ್ತು ಹಾಕುತ್ತಾ ಹೋದೆ. ಒಂದು ಸಲ ಹಾಕಿ ಬಿಟ್ಟಿದ್ದರೆ ಸಾಕಿತ್ತು. ಆದರೆ ಕೈಗೆ ಅಭ್ಯಾಸ ಬಿದ್ದುಹೋಗಿತ್ತು, ಕಂಡಲ್ಲೆಲ್ಲ ಸುತ್ತು. ಮೊದಲ ಪುಟದ ಅಂಚಿನಲ್ಲಿ, ಎಲ್ಲ ಕಡೆಯೂ ತಪ್ಪು, ಎಂದು ಇಂಗ್ಲಿಷಿನಲ್ಲಿ ಬರೆದೆ. ಮಾರನೇ ದಿನ ತರಗತಿಯಲ್ಲಿ ವರದಿಗಳನ್ನು ಹಿಂದಿರುಗಿಸಿ, ತಿದ್ದಿ ತನ್ನಿ, ಆಮೇಲೆ ರಟ್ಟು ಕಟ್ಟಿಸಿ ಎಂದು ಎಲ್ಲರಿಗೂ ಹೇಳಿದೆ. ಅವಳು ಅಂದು ಬಂದಿರಲಿಲ್ಲ. ಅದರ ಮಾರನೇ ದಿನ ಬಂದವಳು, ನಾನು ಪಾಠದಲ್ಲಿದ್ದಾಗ ಸ್ಟಾಫ್ ರೂಮಿನ ಮೇಜಿನಿಂದ ತನ್ನ ವರದಿಯನ್ನು ತಾನೇ ಎತ್ತಿಕೊಂಡು ಹೋದಳು.

ಆಮೇಲೆ ಅವಳು ಬರಲಿಲ್ಲ. ಎರಡನೇ ಶಿಫ್ಟ್ ಇರಬೇಕು ಎಂದುಕೊಂಡೆ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಮೂವತ್ತೇಳು ಜನ ತಿದ್ದಿದ ವರದಿ ತಂದರು, ಸಹಿ ಹಾಕಿದೆ. ವಿಭಾಗದ ಮುಖ್ಯಸ್ಥರು ಪಟ್ಟಿ ನೋಡಿ, "ಒಬ್ಬರದು ಬಾಕಿ ಇದೆಯಲ್ಲ ಮೇಡಂ? ಗುರುವಾರ ಸಂಜೆ ಐದಕ್ಕೆ ಕ್ಲೋಸು. ಆಮೇಲೆ ನನ್ನ ಕೇಳಬೇಡಿ, ಮುಂದಿನ ವರ್ಷವೇ," ಎಂದರು. ಅದು ಮಂಗಳವಾರ. ಫೋನ್ ಮಾಡಿದೆ, ಎತ್ತಲಿಲ್ಲ. ಶಿಫ್ಟಿನಲ್ಲಿದ್ದಾಗ ಫೋನನ್ನು ಗೇಟಿನಲ್ಲೇ ಕೊಟ್ಟು ಹೋಗಬೇಕೆಂದು ಆಮೇಲೆ ಗೊತ್ತಾಯಿತು. ಸಂಜೆಯೂ ಎತ್ತಲಿಲ್ಲ.

ಬುಧವಾರ ಮಧ್ಯಾಹ್ನ ಎರಡು ಬಸ್ ಬದಲಾಯಿಸಿ ಹೆಬ್ಬಾಳಕ್ಕೆ ಹೋದೆ. ಹೋಗುವಾಗ ನನ್ನ ಮೇಲೇ ಸಿಟ್ಟು ಬಂದಿತ್ತು. ಯಾವ ಉಪನ್ಯಾಸಕಿ ವಿದ್ಯಾರ್ಥಿಯನ್ನು ಹುಡುಕಿಕೊಂಡು ಕಾರ್ಖಾನೆ ಗೇಟಿಗೆ ಹೋಗುತ್ತಾಳೆ? ಬಿಸಿಲು ತಲೆ ಸುಡುತ್ತಿತ್ತು. ಗೇಟಿನವನು, "ಯಾರ್ ಬೇಕಕ್ಕ? ಒಳಗ್ ಬುಡಂಗಿಲ್ಲ. ಎರಡ್ ಗಂಟೆಗೆ ಎಲ್ಲಾ ಆಚೆ ಬತ್ತವ್ರೆ, ಅಲ್ಲೇ ನೆಳ್ಳಲ್ಲಿ ನಿಂತ್ಕಳಿ," ಎಂದು ಎದುರಿನ ಪೆಟ್ಟಿಗೆ ಅಂಗಡಿ ತೋರಿಸಿದ.

ಎರಡು ಗಂಟೆಗೆ ನೀಲಿ ಕೋಟಿನ ಹೆಂಗಸರು ಗುಂಪುಗುಂಪಾಗಿ ಹೊರಬಿದ್ದರು. ಇವಳು ಇನ್ನಿಬ್ಬರ ಜತೆ ಬರುತ್ತಿದ್ದವಳು, ನನ್ನನ್ನು ಕಂಡು ನಿಂತುಬಿಟ್ಟಳು. ಜತೆಯಲ್ಲಿದ್ದವಳು, "ಯಾರೇ ಅದು?" ಎಂದಳು. ಇವಳು ನಮ್ ಮೇಡಂ ಎಂದಳು.

"ಅಯ್ಯೋ, ಟೀಚರ್ ಇಲ್ಲೀಗಂಟ ಬಂದವ್ರಲ್ಲೇ! ಹೋಂವರ್ಕ್ ಮಾಡಿಲ್ವೇನೇ?"

"ಹೊಡಿಬ್ಯಾಡಿ ಮೇಡಂ, ಬೆಳಗ್ಗಿಂದ ನಿಂತು ಕಾಲ್ ನೋಯಿಸ್ಕಂಡವ್ಳೆ," ಎಂದಳು ಇನ್ನೊಬ್ಬಳು. ಇಬ್ಬರೂ ನಕ್ಕುಕೊಂಡು ಬಸ್ಸಿನ ಕಡೆ ಹೋದರು. ಇವಳು ನಗಲಿಲ್ಲ.

"ಯಾಕಮ್ಮ ಬರಲಿಲ್ಲ? ನಾಳೆ ಐದು ಗಂಟೆಗೆ ಮುಗೀತು. ಫೋನ್ ಯಾಕೆ ಎತ್ತಲ್ಲ?"

"ಏನಂತ ಎತ್ಲಿ ಮೇಡಂ. ನೀವೇ ರಿಜೆಟ್ ಮಾಡ್ಬುಟ್ರಲ್ಲ."

"ನಾನೆಲ್ಲಿ ರಿಜೆಕ್ಟ್ ಮಾಡಿದೆ? ತಿದ್ದಿಕೊಂಡು ಬಾ ಅಂದದ್ದು."

"ಅನ್ನಲಿಲ್ಲ ಮೇಡಂ. ಪುಸ್ತಕ ಮೇಜಿನ ಮೇಲಿತ್ತು. ಅಲ್ಲೇ ತೆಗ್ದು ನೋಡ್ದೆ. ಎಲ್ಲಾ ಕೆಂಪು."

"ಕೆಂಪು ಇದ್ದರೆ ತಿದ್ದೋದಮ್ಮ. ಸ್ಕೂಲಲ್ಲಿ ನೋಡಿಲ್ಲವಾ?"

"ಇಸ್ಕೂಲಲ್ಲಿ ಕೆಂಪಲ್ಲಿ ರೈಟ್ ಆಕಿ ಸೈನ್ ಮಾಡೋರು. ಇದ್ರಲ್ಲಿ ಒಂದ್ ರೈಟೂ ಇಲ್ಲ, ಸೈನೂ ಇಲ್ಲ," ಎಂದಳು. ಆಮೇಲೆ ತನ್ನ ಕೆಲಸವನ್ನು ನನಗೆ ಬಿಡಿಸಿ ಹೇಳಿದಳು, ಏನೂ ತಿಳಿಯದ ಹೊಸಬರಿಗೆ ಹೇಳುವ ಹಾಗೆ. ಅಚ್ಚಿನಿಂದ ಬಂದ ಪೀಸುಗಳನ್ನು ಟೇಬಲ್ಲಿನ ಮೇಲೆ ಲೈಟಿನ ಕೆಳಗೆ ನೋಡುವುದು ಅವಳ ಕೆಲಸ. ಸರಿಯಿದ್ದರೆ ಹಸಿರು ಡಬ್ಬಿಗೆ. ಅಂಚು ಕೆರೆದು ಸರಿಮಾಡಬಹುದು ಎಂದಿದ್ದರೆ ಹಳದಿ ಬೊಟ್ಟಿಟ್ಟು ಹಳದಿ ಡಬ್ಬಿಗೆ. ಸರಿಮಾಡಲು ಆಗುವುದೇ ಇಲ್ಲ ಎಂದರೆ ಕೆಂಪು ಬೊಟ್ಟು. ಕೆಂಪು ಬಿದ್ದ ಮೇಲೆ ಅದು ಲೈನಿಗೆ ಹಿಂದಿರುಗುವಂತಿಲ್ಲ. ತಪ್ಪಿಯೂ ಒಳ್ಳೆಯದರ ಜತೆ ಬೆರೆಯಬಾರದೆಂದು ತುಂಡು ಮಾಡಿಯೇ ಎಸೆಯಬೇಕು.

"ಒಂದ್ ಬೊಟ್ಟು ಸಾಕು ಮೇಡಂ. ನೀವು ಪುಟಕ್ಕೆ ಐದೈದು ಇಟ್ಟಿದ್ರಿ. ಶಿಫ್ಟ್ ಶುರುವಲ್ಲಿ ಮೊದಲ್ನೇ ಪೀಸೇ ಕೆಂಪಾದ್ರೆ ಅಚ್ಚೇ ಸರಿಯಿಲ್ಲ ಅಂತ ಮಿಷಿನ್ ನಿಲ್ಲಿಸ್ತಾರೆ. ನೀವು ಮೊದಲ್ನೇ ಪುಟದಲ್ಲೇ ಎಲ್ಲಾ ಕಡೆ ತಪ್ಪು ಅಂತ ಬರ್ದ್ಬುಟ್ಟಿದ್ರಿ. ಇನ್ನೇನಿದ್ದದು ಕೇಳಕ್ಕೆ?"

ಹನ್ನೊಂದು ವರ್ಷ ದಿನಕ್ಕೆ ಎಂಟು ಗಂಟೆ ಕೆಂಪು ಬೊಟ್ಟು ಇಟ್ಟವಳು ಅವಳು. ಕೆಂಪಿಗೆ ಬೇರೆ ಅರ್ಥವಿದೆಯೇ ಎಂದು ಯಾರನ್ನು ಕೇಳಬೇಕಿತ್ತು?

"ತಪ್ಪು ಒಂದೇ ಕಣಮ್ಮ. ಜಾವಾ ಅಂತ ನಾಲ್ಕೂ ದೊಡ್ಡಕ್ಷರದಲ್ಲಿ ಬರೆದಿದ್ದೀಯ. ಮೊದಲಕ್ಷರ ಮಾತ್ರ ದೊಡ್ಡದು ಮಾಡಬೇಕಿತ್ತು. ಅಷ್ಟೇ."

ಅವಳು ನನ್ನ ಮುಖವನ್ನೇ ನೋಡಿದಳು. "ಅಷ್ಟೇನಾ?"

"ಅಷ್ಟೇ."

"ಅದ್ಕೆ ಅಷ್ಟೊಂದ್ ಸುತ್ತಾ?"

ನಾನು ಗಡಿಯಾರ ನೋಡಿಕೊಂಡೆ, ಎರಡೂಕಾಲು.

"ಟೈಪಿಂಗ್ ಅಂಗಡಿಗೆ ಈಗಲೇ ಹೋಗೋಣ ನಡಿ. ಕಂಪ್ಯೂಟರಿನಲ್ಲಿ ಒಂದೇ ಸಲ ಎಲ್ಲಾ ಕಡೆ ಬದಲಾಯಿಸಬಹುದು. ಎರಡು ನಿಮಿಷದ ಕೆಲಸ," ಎಂದೆ.

ಅವಳು ತಲೆ ತಗ್ಗಿಸಿದಳು. "ಅಂಗಡೀಲಿ ಇಲ್ಲ ಮೇಡಂ. ಡಿಲೀಟ್ ಮಾಡ್ಸ್ಬುಟ್ಟೆ."

"ಯಾಕಮ್ಮ?"

"ರಿಜೆಟ್ ಆಗಿದ್ದು ಎಲ್ಲೂ ಉಳೀಬಾರ್ದಲ್ಲ. ಇನ್ಯಾರೋ ನೋಡ್ಕಂಡು ಅದೇ ತಪ್ಪು ಮಾಡ್ತಾರೆ ಅಂತ. ನಿಂತ್ಕಂಡು ಡಿಲೀಟ್ ಮಾಡ್ಸಿ, ಕಸದ ಬುಟ್ಟೀಲೂ ತೆಗ್ಸ್ದೆ. ನೀವ್ ಕೊಟ್ಟ ಪುಸ್ತಕಾನೂ ನಾಕು ಮಾಡಿ ಕತ್ತರಿಸ್ದೆ."

ಕೆಲಸದಲ್ಲಿ ಇಷ್ಟು ನಿಯತ್ತು ಇದ್ದವರನ್ನು ನಾನು ಕಂಡಿಲ್ಲ. ಪ್ರೋಗ್ರಾಂ ಮಾತ್ರ ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಉಳಿದಿತ್ತು, ಅದನ್ನು ಅಳಿಸಲು ಅವಳು ಮತ್ತೆ ಕಾಲೇಜಿಗೇ ಬರಬೇಕಿತ್ತಲ್ಲ. ಆದರೆ ವರದಿ ಹೋಗಿತ್ತು. ಅರವತ್ತು ಪುಟ, ಚಿತ್ರಗಳು, ಕೋಷ್ಟಕಗಳು. ಮತ್ತೆ ಟೈಪ್ ಮಾಡಿಸಲು ಒಂದು ದಿನದಲ್ಲಿ ಸಾಧ್ಯವಿಲ್ಲ.

"ಇನ್ನೆರಡು ಕಾಪಿ ಅವೆ," ಎಂದಳು. "ಮೂರು ಒಟ್ಟಿಗೇ ತೆಗ್ಸಿದ್ದೆ. ಅವನ್ನೂ ಕತ್ತರಿಸಕ್ಕೆ ಹೋದೆ, ನಮ್ಮತ್ತೆ ಬುಡ್ಲಿಲ್ಲ. ಅಕ್ಷರ ಇರೋ ಹಾಳೆ ಕತ್ತರಿಸ್ತೀಯಾ, ನಿಂಗೇನ್ ಬಂದದೆ ಅಂತ ಬೈದು ಕಿತ್ಕಂಡ್ರು. ದೇವರ ಗೂಡಲ್ಲಿ ಮಡಗವ್ರೆ."

ಅತ್ತೆಗೆ ಓದಲು ಬರುವುದಿಲ್ಲ.

ಬಸ್ ಬಂತು, ಹತ್ತಿದೆವು. ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ನನಗೆ ಪಕ್ಕದ್ದು. ಎರಡು ಕಾಪಿ ಇದ್ದರೆ ಸಾಕು, ಒಂದು ಕಾಲೇಜಿಗೆ, ಒಂದು ಪರೀಕ್ಷಕರಿಗೆ. ರಟ್ಟು ಕಟ್ಟುವವನು ಮಂಡಿ ಮೊಹಲ್ಲಾದಲ್ಲಿ ನನಗೆ ಗೊತ್ತಿದ್ದ, ಬೆಳಗ್ಗೆ ಕೊಟ್ಟರೆ ಮಧ್ಯಾಹ್ನ ಕೊಡುತ್ತಾನೆ. ಉಳಿದದ್ದು ನನ್ನ ಸಹಿ. ನಾಲ್ಕು ದೊಡ್ಡಕ್ಷರಗಳು ಮುನ್ನೂರು ಕಡೆ ಇದ್ದ ಹಾಗೇ ಇರುವ ವರದಿಯ ಕೆಳಗೆ, ನಾನು ಇದನ್ನು ಪರಿಶೀಲಿಸಿದ್ದೇನೆ ಎಂದು. ಬಿಳಿ ಮಸಿ ಹಚ್ಚಿ ತಿದ್ದಿಸಬಹುದೇ ಎಂದೂ ಯೋಚಿಸಿದೆ. ಮುನ್ನೂರು ಕಡೆ ಬಿಳಿ ಕಲೆ. ಸುಣ್ಣ ಬಳಿದ ಗೋಡೆಯಾಗುತ್ತದೆ. ನಾನೇ ಕೂತು ಟೈಪ್ ಮಾಡಲೇ? ಬೆಳಗಿನ ಕಾಲೇಜು, ಸಂಜೆಯ ಕಾಲೇಜು, ಒಂದು ಕಟ್ಟು ಇಂಟರ್ನಲ್ ಪೇಪರು. ನನ್ನಿಂದಾಗುವುದಿಲ್ಲ. ಸುಸ್ತಾಗಿತ್ತು ನನಗೆ. ಆ ದಿನದ ಸುಸ್ತಲ್ಲ, ಹತ್ತು ವರ್ಷದ್ದು.

"ನಾಳೆ ಬೆಳಗ್ಗೆ ಶಿಫ್ಟಾ?" ಎಂದೆ.

"ಹೂಂ ಮೇಡಂ."

"ಕಾಪಿಗಳನ್ನು ಇವತ್ತೇ ನನಗೆ ಕೊಡು. ರಟ್ಟು ನಾನು ಕಟ್ಟಿಸ್ತೀನಿ. ನಾಲ್ಕು ಗಂಟೆಗೆ ಬಂದು ನಿನ್ನ ಸಹಿ ಹಾಕು."

"ತಿದ್ದೋದು?"

"ತಿದ್ದೋದಿಲ್ಲ. ಹಾಗೇ."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಅಳುತ್ತಿದ್ದಾಳೇನೋ ಎಂದುಕೊಂಡೆ. ಇಲ್ಲ, ನಿದ್ದೆ ಹೋಗಿದ್ದಳು.

ಗುರುವಾರ ನಾಲ್ಕೂವರೆಗೆ ಸಹಿ ಹಾಕಿದೆ. ಹಾಕುವ ಮುಂಚೆ ಒಂದು ಸಲ ಪುಟ ತಿರುವಿದೆ. ಆ ಹೆಸರು ಬಂದಲ್ಲೆಲ್ಲ ಕಣ್ಣು ತಾನಾಗಿ ನಿಲ್ಲುತ್ತಿತ್ತು. ನಡುವೆ ಇದ್ದ ವಿವರಣೆಯನ್ನು ಆಗಲೇ ನಾನು ಸರಿಯಾಗಿ ಓದಿದ್ದು, ಚೆನ್ನಾಗಿ ಬರೆದಿದ್ದಳು. ಅದನ್ನು ಮೊದಲ ಸಲವೇ ಓದಿ, ಅಂಚಿನಲ್ಲಿ ಒಂದು ರೈಟ್ ಹಾಕಿದ್ದರೆ ಅಷ್ಟೂ ಪುಟ ಕತ್ತರಿ ಕಾಣುತ್ತಿರಲಿಲ್ಲ. ಈಗ ನಾನು ಒಂದೇ ಕಡೆ ಗುರುತು ಮಾಡಿ, ಏನು ಮಾಡಬೇಕು ಎಂದು ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇನೆ. ಅವಳ ವರದಿಗೆ ಸುತ್ತು ಹಾಕಿದ ಹೊತ್ತಿಗೆ ಇಷ್ಟೆಲ್ಲ ತಿಳಿದಿರಲಿಲ್ಲ. ಮುಖ್ಯಸ್ಥರು ವರದಿಯನ್ನು ತೆರೆಯದೆಯೇ ತಮ್ಮ ಸಹಿ ಹಾಕಿ ಮುದ್ರೆ ಒತ್ತಿದರು.

ವೈವಾಕ್ಕೆ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಕಾಯಂ ನೌಕರಿಯವರು. ನಾನು ಗೈಡ್ ಆದ್ದರಿಂದ ಪಕ್ಕದಲ್ಲೇ ಕೂರಬೇಕು. ಬೆಳಗ್ಗೆ ಹತ್ತಕ್ಕೆ ಶುರುವಾಗಿ, ಇವಳ ಸರದಿ ಬರುವಾಗ ಹನ್ನೆರಡೂಕಾಲು. ಅವಳಿಗೆ ಅಂದು ಎರಡನೇ ಶಿಫ್ಟು. ಕೋಟನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು.

ಅವರು ವರದಿ ತೆರೆದರು. ಎರಡು ಪುಟ, ಮೂರು ಪುಟ. ಆಮೇಲೆ ನನ್ನ ಕಡೆ ತಿರುಗಿದರು.

"ಏನ್ ಮೇಡಂ ಇದು? ನಿಮ್ಮ ಸ್ಟೂಡೆಂಟ್ಸ್ ರಿಪೋರ್ಟಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇರಲ್ಲ ಅಂತ ಹೋದ್ ವರ್ಷ ಬಂದಿದ್ದೋರು ಹೇಳಿದ್ರು. ಇಲ್ಲಿ ನೋಡಿದ್ರೆ ಹೀಗೆ. ಓದದೇ ಸೈನ್ ಹಾಕಿದ್ರಾ?"

ಓದಲಿಲ್ಲ ಸರ್, ಗಡಿಬಿಡಿ ಎಂದಿದ್ದರೆ ನಕ್ಕು ಬಿಡುತ್ತಿದ್ದರು. ಎಲ್ಲರೂ ಹಾಗೇ ಹೇಳುವುದು. ಆದರೆ ಗೈಡ್ ಓದಿಲ್ಲ ಎಂದಾದರೆ ವರದಿಯನ್ನೇ ಹಿಂದಕ್ಕೆ ಕೊಡುವ ಅಧಿಕಾರ ಅವರಿಗಿತ್ತು.

"ಓದಿಯೇ ಹಾಕಿದ್ದು ಸರ್."

"ಓದಿ?"

"ಹೌದು ಸರ್."

"ಅಂದ್ರೆ ನಿಮಗೇ ಗೊತ್ತಿಲ್ಲ," ಎಂದು ನಕ್ಕರು. ಎದುರಿಗೆ ಅವಳು, ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಮೂವರು. ನನ್ನ ಕಿವಿ ಬಿಸಿಯಾಯಿತು. ಅವರು ಅವಳ ಕಡೆ ತಿರುಗಿದರು. "ಏನಮ್ಮ, ಜಾವಾ ಅಂದ್ರೆ ಫುಲ್ ಫಾರಂ ಏನು? ಇಷ್ಟು ದೊಡ್ಡದಾಗಿ ಬರ್ದಿದೀಯಲ್ಲ."

"ಫುಲ್ ಫಾರಂ ಇಲ್ಲ ಸಾರ್. ಅದು ಹೆಸ್ರು."

"ಮತ್ಯಾಕೆ ಹೀಗೆ ಬರೆದೆ?"

"ಗೊತ್ತಿರ್ಲಿಲ್ಲ ಸಾರ್. ಬರ್ದ್ಮೇಲೆ ಮ್ಯಾಡಮ್ಮೋರು ಹೇಳಿದ್ರು. ತಿದ್ದಕ್ಕೆ ನಂಗೇ ಆಗ್ಲಿಲ್ಲ."

ಅವರು ಹೂಂ ಎಂದು ಪುಟ ಮಗುಚಿದರು. ಪ್ರೋಗ್ರಾಂ ನಡೆಸು ಎಂದರು. ನಡೆಸಿದಳು. ಒಬ್ಬಳೇ ಇಬ್ಬರಿಗೆ ಶಿಫ್ಟ್ ಕೊಡುತ್ತೇನೆಂದು ಒಪ್ಪಿಕೊಂಡರೆ ಏನಾಗುತ್ತದೆ ಎಂದು ಕೇಳಿದರು. ಸಿಕ್ಕಿಹಾಕಿಸುವ ಪ್ರಶ್ನೆ ಅದು.

"ಮೊದ್ಲು ಯಾರ್ ಕೇಳಿದ್ರೋ ಅವ್ರಿಗೆ ಸಾರ್. ಆದ್ರೆ ಮಗೀಗೆ ಉಷಾರಿಲ್ಲ ಅಂತ ಕೇಳಿದ್ರೆ ಅವ್ರು ಮುಂದೆ. ಅದಕ್ಕೊಂದು ಕಾಲಂ ಮಡಗಿವ್ನಿ. ಆಮೇಲೆ ಸೆಕೆಂಡ್ ಶಿಫ್ಟ್ ಮುಗ್ಸಿದೋರ್ನ ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಆಕಲ್ಲ. ಆಕುದ್ರೆ ಬ್ಯಾಡ ಅಂತ ಹೇಳ್ತದೆ."

"ಈ ರೂಲ್ಸು ಯಾವ ಪುಸ್ತಕದಲ್ಲಿದೆ?"

"ಪುಸ್ತಕದಲ್ಲಿಲ್ಲ ಸಾರ್. ನಮ್ ಲೈನಲ್ಲಿ ಅಂಗೇ ಮಾಡೋದು."

ಅವರು ಬೇಕೆಂದೇ ತಪ್ಪು ಮಾಹಿತಿ ತುಂಬಿಸಿ ನೋಡಿದರು. ಬೇಡ ಎಂದು ಪರದೆಯ ಮೇಲೆ ಬಂತು. ಇನ್ನೊಂದು ಸಲ ತುಂಬಿಸಿದರು. ಮತ್ತೆ ಬೇಡ. ಆ ಬೇಡ ಎನ್ನುವುದನ್ನೂ ಅವಳು ಪೂರ್ತಿ ದೊಡ್ಡಕ್ಷರದಲ್ಲೇ ಬರೆದಿದ್ದಳು. ಅದರ ಬಗ್ಗೆ ಅವರು ಏನೂ ಅನ್ನಲಿಲ್ಲ. ವರದಿಯ ಅಂಕದಲ್ಲಿ ಚೆನ್ನಾಗಿ ಕಡಿದರು, ಪ್ರೋಗ್ರಾಂಗೆ ಕೊಡಬಹುದಾದಷ್ಟನ್ನು ಕೊಟ್ಟರು. ಒಟ್ಟು ಕೂಡಿಸಿ ನನ್ನ ಮುಂದೆ ಸರಿಸಿ, ಸಹಿ ಮಾಡಿ ಎಂದರು. ಮಾಡಿದೆ.

"ಮುಂದಿನ ಸಲ ಸ್ವಲ್ಪ ನೋಡ್ಕೊಳಿ ಮೇಡಂ," ಎಂದರು, ಮುಖ್ಯಸ್ಥರು ಒಳಗೆ ಬಂದ ಹೊತ್ತಿಗೆ ಸರಿಯಾಗಿ. ಮುಖ್ಯಸ್ಥರು ನನ್ನ ಮುಖ ನೋಡಿದರು. ಜೂನ್‌ನಲ್ಲಿ ನನ್ನ ಅರ್ಜಿ ಮತ್ತೆ ಹೋಗಬೇಕಾದದ್ದು ಅವರ ಮೇಜಿಗೇ.

ಕುಡಿಯುವ ನೀರಿಗೆಂದು ಎದ್ದು ಹೊರಗೆ ಬಂದೆ. ಅವಳು ಮೆಟ್ಟಿಲ ಹತ್ತಿರ ನಿಂತಿದ್ದಳು.

"ಆಯ್ತಾ ಮೇಡಂ?"

"ಆಯ್ತು ಕಣಮ್ಮ. ಪಾಸು."

"ನಿಜ್ವಾಗ್ಲೂ?"

"ಸಹಿ ಆಯ್ತು. ಇನ್ನು ಯಾರೂ ಬದಲಾಯಿಸೋಕಾಗಲ್ಲ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಒಂದ್ ನಿಮ್ಸ ಮೇಡಂ." ನಾನು ಪಕ್ಕದಲ್ಲಿ ನಿಂತೆ, ಗೋಡೆಗೆ ಒರಗಿಕೊಂಡು. "ನಿಮ್ಗೆ ಅಂಗಂದ್ಬುಟ್ರಲ್ಲ ಅವ್ರು," ಎಂದಳು.

"ಅನ್ನಲಿ ಬಿಡು."

"ನೀವ್ ಯಾಕ್ ಸುಮ್ನಿದ್ರಿ?"

"ಟೈಮೆಷ್ಟಾಯ್ತು ನೋಡು. ಶಿಫ್ಟಿಗೆ ಹೋಗಲ್ವಾ?"

ಎದ್ದಳು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಬಗ್ಗಿ ನನ್ನ ಕಾಲು ಮುಟ್ಟಲು ನೋಡಿದಳು. ಬೇಡವೆಂದು ಕೈ ಹಿಡಿದೆ. ಅವಳ ಬೆರಳ ತುದಿಗಳು ಪ್ಲಾಸ್ಟಿಕ್ ಅಂಚು ಸವರಿ ಸವರಿ ಗಟ್ಟಿಯಾಗಿದ್ದವು. ಚೀಲದಿಂದ ನೀಲಿ ಕೋಟು ತೆಗೆದು, ನಡೆಯುತ್ತಲೇ ತೋಳು ತೂರಿಸಿಕೊಳ್ಳುತ್ತಾ ಗೇಟಿನ ಕಡೆ ಓಡಿದಳು.

ಒಳಗಿನಿಂದ ಪರೀಕ್ಷಕರು, "ಮೇಡಂ, ಊಟಕ್ಕೆ ಮುಂಚೆ ಇನ್ನಿಬ್ಬರನ್ನ ಮುಗಿಸೋಣ," ಎಂದು ಕೂಗಿದರು. ಇನ್ನೂ ಹದಿನಾಲ್ಕು ಜನ ಬಾಕಿ ಇದ್ದರು. ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತು, ಮುಂದಿನ ರೋಲ್ ನಂಬರ್ ಕರೆದೆ.